ಕೊರಳಿನ ನಾಲ್ಕು ಕಾಳುಗಳೂ ರಕ್ತದ ಒತ್ತಡವೂ



ಸವಣೂರಿನ ಹೆಸರನ್ನು ಎತ್ತಿದೊಡನೆ ತಾಂಬೂಲಪ್ರಿಯರ ಮನಸ್ಸು ಎಲ್ಲಿಗೆ ಹೋಗುವುದೆಂಬುದನ್ನು ನಾವು ಹೇಳಬೇಕಾಗಿಲ್ಲ. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಆ ಊರು ಮೂರು ಭಾರಿ ದೊಡ್ಡಹುಣಸೆ ಮರಗಳಿಗೂ ಖಾರಕ್ಕೂ ಹೆಸರಾಗಿದ್ದರೂ ಅದರ ಕೀರ್ತಿಯನ್ನು ದೂರಕ್ಕೆ ಒಯ್ದುದು ವೀಳ್ಯದೆಲೆಯೇ. ಊಟವಾದ ಮೇಲೆ ಎಲೆಯ ತೊಟ್ಟು ಮುರಿದು, ಅದರ ಬೆನ್ನಿಗೆ ಬೆರಳ ತುದಿಯಿಂದ ಸುಣ್ಣವನ್ನು ಸವರುವ ಮನುಷ್ಯನು ತನ್ನ ದೇಹದಲ್ಲಿ ಬಹು ಎಚ್ಚರದಿಂದ ಕಾಯಲ್ಪಡುವ ಒಂದು ಧಾತುವನ್ನು ಮುಟ್ಟುತ್ತಿದ್ದಾನೆಂಬುದು ಅವನಿಗೆ ತಿಳಿದಿರುವುದಿಲ್ಲ. ಸುಣ್ಣದಲ್ಲಿರುವ ಆ ಧಾತುವೇ ಕ್ಯಾಲ್ಸಿಯಂ. ಅದನ್ನು ಕಾಯುವ ಕಾವಲುಗಾರರು ನಮ್ಮ ಕೊರಳಿನಲ್ಲಿಯೇ ಇದ್ದಾರೆ. ಅವರಿಗೂ ರಕ್ತದ ಒತ್ತಡಕ್ಕೂ ಇರುವ ಸಂಬಂಧವನ್ನು ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಊಟದ ತಟ್ಟೆಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ನಮ್ಮ ಉದ್ದೇಶ. ಈ ತಾಲ್ಲೂಕುಗಳೇ ಏಕೆಂದು ಕೇಳಿದರೆ, ಅದಕ್ಕೆ ಕಾರಣ ಮುಂದೆ ತಾನಾಗಿಯೇ ಗೊತ್ತಾಗುವುದು.

ಕೊರಳಿನ ಮುಂಭಾಗದಲ್ಲಿ ಥೈರಾಯ್ಡ್ ಎಂಬ ಗ್ರಂಥಿಯಿದೆ. ಗಳಗಂಡ ರೋಗದಲ್ಲಿ ಊದಿಕೊಳ್ಳುವುದು ಇದೇ. ಇದರ ಬೆನ್ನಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿವೆ. ಒಂದೊಂದೂ ತೊಗರಿಬೇಳೆಯಷ್ಟು ದೊಡ್ಡದು. ತೂಕ ಮೂವತ್ತರಿಂದ ಐವತ್ತು ಮಿಲಿಗ್ರಾಂ. ಇವುಗಳಿಗೆ ಪ್ಯಾರಾಥೈರಾಯ್ಡ್ ಗ್ರಂಥಿಗಳೆಂದು ಹೆಸರು. ಇವನ್ನು ಮೊದಲು ಗುರುತಿಸಿದ ಕಥೆಯಲ್ಲಿ ನಮ್ಮ ದೇಶದ ಪ್ರಾಣಿಯೊಂದಕ್ಕೆ ಪಾಲಿದೆ. ಲಂಡನ್ನಿನ ಮೃಗಾಲಯದಲ್ಲಿ ಹಲವು ವರ್ಷ ಬಾಳಿದ ಭಾರತದ ಖಡ್ಗಮೃಗವೊಂದು 1849ರಲ್ಲಿ ಸತ್ತಿತು. ಅದರ ಶರೀರವನ್ನು ಛೇದಿಸಿ ನೋಡಿದ ರಿಚರ್ಡ್ ಓವನ್ ಎಂಬ ಪಂಡಿತನು ಥೈರಾಯ್ಡಿಗೆ ಅಂಟಿದ್ದ ಚಿಕ್ಕ ಹಳದಿ ಗ್ರಂಥಿಯೊಂದನ್ನು ಕಂಡು ಬರೆದಿಟ್ಟನು. ಮನುಷ್ಯರಲ್ಲಿ ಅದನ್ನು 1880ರಲ್ಲಿ ಚೆನ್ನಾಗಿ ವರ್ಣಿಸಿ ಹೆಸರಿಟ್ಟವನು ಸ್ವೀಡನ್ ದೇಶದ ಉಪ್ಸಾಲಾ ನಗರದ ಈವಾರ್ ಸಾಂಡ್‌ಸ್ಟ್ರೋಮ್. ಖಡ್ಗಮೃಗದಷ್ಟು ದೊಡ್ಡ ಪ್ರಾಣಿಯಲ್ಲಿ ಮೊದಲು ಕಂಡುದು ಸಹಜವೇ. ಮನುಷ್ಯನಲ್ಲಿ ಅದನ್ನು ಹುಡುಕುವುದು ಇಂದಿಗೂ ಶಸ್ತ್ರವೈದ್ಯರ ತಾಳ್ಮೆಯನ್ನು ಪರೀಕ್ಷಿಸುವ ಕೆಲಸ.

ಈ ಗ್ರಂಥಿಗಳಿಗೆ ನಾಳವಿಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೇ ಬಿಡುತ್ತವೆ. ಇಂತಹ ರಸವನ್ನು ಹಾರ್ಮೋನು ಎಂದು ಕರೆಯುವುದು ವಾಡಿಕೆ. ಪ್ಯಾರಾಥೈರಾಯ್ಡ್ ಹಾರ್ಮೋನಿನ ಕಾರ್ಯವನ್ನು ಒಂದು ಮನೆಯ ವ್ಯವಹಾರಕ್ಕೆ ಹೋಲಿಸಬಹುದು. ನಮ್ಮ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿ ಹಗೇವಿನ ಕಾಳಿನಂತೆ ಕೂಡಿಟ್ಟಿದೆ. ಉಳಿದ ಒಂದು ಪಾಲಿನ ಒಂದಂಶ ಮಾತ್ರ ರಕ್ತದಲ್ಲಿ ಓಡಾಡುತ್ತದೆ. ಆದರೆ ಹೃದಯದ ಬಡಿತ, ಸ್ನಾಯುಗಳ ಚಲನೆ, ನರಗಳ ಸಂದೇಶ, ಇವೆಲ್ಲ ಈ ಓಡಾಡುವ ಅಂಶವನ್ನೇ ನಂಬಿವೆ. ನೂರು ಮಿಲಿಲೀಟರು ರಕ್ತದ್ರವದಲ್ಲಿ ಎಂಟೂವರೆಯಿಂದ ಹತ್ತೂವರೆ ಮಿಲಿಗ್ರಾಂ ಇದ್ದರೆ ಎಲ್ಲವೂ ಸರಿ. ಅದಕ್ಕಿಂತ ಬಹಳ ಇಳಿದರೆ ಕೈಕಾಲು ಸೆಟೆದುಕೊಳ್ಳುತ್ತವೆ. ಬಹಳ ಏರಿದರೆ ಮಂಪರು, ವಾಂತಿ, ಮೂತ್ರಜನಕಾಂಗದಲ್ಲಿ ಕಲ್ಲು. ರಕ್ತದಲ್ಲಿ ಕ್ಯಾಲ್ಸಿಯಂ ಕೊಂಚ ಇಳಿಯುವಷ್ಟರಲ್ಲಿಯೇ ಆ ನಾಲ್ಕು ಕಾಳುಗಳಿಗೆ ಸುದ್ದಿ ಮುಟ್ಟಿ, ಅವು ಹಾರ್ಮೋನನ್ನು ಬಿಡುತ್ತವೆ. ಆ ಹಾರ್ಮೋನು ಎಲುಬಿನ ಹಗೇವನ್ನು ತೆಗೆಸಿ ಕ್ಯಾಲ್ಸಿಯಮ್ಮನ್ನು ಹೊರಕ್ಕೆ ತರಿಸುತ್ತದೆ. ಮೂತ್ರದಲ್ಲಿ ಪೋಲಾಗುವುದನ್ನು ತಡೆಯುತ್ತದೆ. ‘ಡಿ’ ಜೀವಸತ್ವವನ್ನು ಚುರುಕುಗೊಳಿಸಿ, ಕರುಳಿಗೆ ಇನ್ನಷ್ಟು ಹೀರಿಕೊಳ್ಳೆಂದು ಹೇಳಿಸುತ್ತದೆ. ಹೀಗಾಗಿ ರಕ್ತದ ಲೆಕ್ಕ ಯಾವಾಗಲೂ ಸರಿಯಾಗಿರುತ್ತದೆ. ಹಗೇವು ಬರಿದಾಗುತ್ತಿರುವುದು ಮಾತ್ರ ಮನೆಯ ಯಜಮಾನನಿಗೆ ತಿಳಿಯುವುದೇ ಇಲ್ಲ.

ಇನ್ನು ರಕ್ತದ ಒತ್ತಡದ ಮಾತಿಗೆ ಬರೋಣ. ಇಲ್ಲಿ ಒಂದು ವಿಚಿತ್ರವಿದೆ. ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಒಮ್ಮೆಗೇ ಪ್ರಾಣಿಗಳ ರಕ್ತಕ್ಕೆ ಸೇರಿಸಿದರೆ ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ಎಲುಬು ಸವೆದವರಿಗೆ ಈ ಹಾರ್ಮೋನಿನ ಒಂದು ತುಣುಕನ್ನು ಚುಚ್ಚುಮದ್ದಾಗಿ ಕೊಡುವುದು 2002ರಿಂದ ಆಚರಣೆಗೆ ಬಂದಿದೆ. ಅವರಲ್ಲಿಯೂ ಕೆಲವರು ಮೊದಲ ದಿನಗಳಲ್ಲಿ ಎದ್ದು ನಿಂತೊಡನೆ ತಲೆ ತಿರುಗಿತೆಂದು ಹೇಳುವುದುಂಟು. ಹಾಗಾದರೆ ಇದು ಒತ್ತಡವನ್ನು ಇಳಿಸುವ ರಸವೆಂದು ತೀರ್ಮಾನಿಸಬಹುದೇ? ಅವಸರಪಡಬಾರದು. 1986ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಿಗೆ ಇದೇ ಹಾರ್ಮೋನನ್ನು ಹಲವು ದಿನ ಎಡೆಬಿಡದೆ ಹನಿಹನಿಯಾಗಿ ಕೊಟ್ಟಾಗ ಅವರ ಒತ್ತಡ ಏರಿತು, ಏರಿ ನಿಂತಿತು. ಒಂದು ಗಳಿಗೆಯ ಅತಿಥಿಯಾಗಿ ಬಂದಾಗ ಮಿತ್ರನಂತಿರುವುದು ಮನೆಯಲ್ಲೇ ಬೀಡುಬಿಟ್ಟಾಗ ಕಾಡತೊಡಗುವುದೆಂದು ತೋರುತ್ತದೆ.

ಏಕೆ ಹೀಗೆಂಬುದಕ್ಕೆ ಒಂದೇ ಉತ್ತರವಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ನಾಳಗಳ ಗೋಡೆಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ನಾಳದ ಒಳಪದರ ತನ್ನ ಮೃದುತ್ವವನ್ನು ಕಳೆದುಕೊಳ್ಳುತ್ತದೆ. ಇವೆರಡಕ್ಕಿಂತ ಕುತೂಹಲಕರವಾದುದು ಮೂರನೆಯದು. ಮೂತ್ರಜನಕಾಂಗದ ತಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯು ಆಲ್ಡೊಸ್ಟಿರೋನ್ ಎಂಬ ರಸವನ್ನು ಸುರಿಸುತ್ತದೆ. ಉಪ್ಪನ್ನು ದೇಹದಲ್ಲಿ ಹಿಡಿದಿಟ್ಟು ಒತ್ತಡವನ್ನು ಏರಿಸುವುದು ಅದರ ಕೆಲಸ. ಪ್ಯಾರಾಥೈರಾಯ್ಡ್ ಹಾರ್ಮೋನು ಇದನ್ನು ಕೆಣಕುತ್ತದೆ. ಇತ್ತ ಆಲ್ಡೊಸ್ಟಿರೋನ್ ಹೆಚ್ಚಿದಾಗ ಕ್ಯಾಲ್ಸಿಯಂ ಮೂತ್ರದಲ್ಲಿ ಹರಿದುಹೋಗಿ, ಪ್ಯಾರಾಥೈರಾಯ್ಡ್ ಮತ್ತೆ ಕೆರಳುತ್ತದೆ. ಒಂದು ಇನ್ನೊಂದರ ಕಿವಿಯಲ್ಲಿ ಊದುವ ಈ ಚಾಡಿಕೋರರ ಜೋಡಿಯನ್ನು ವೈದ್ಯರು ಚೆನ್ನಾಗಿ ಗಮನಿಸತೊಡಗಿದುದು ಈಚಿನ ದಶಕಗಳಲ್ಲಿ.

ನಾಲ್ಕು ಕಾಳುಗಳಲ್ಲಿ ಒಂದು ಅಂಕೆಮೀರಿ ಬೆಳೆದು, ಬೇಕೋ ಬೇಡವೋ ಹಾರ್ಮೋನನ್ನು ಸುರಿಯುತ್ತಲೇ ಇರುವ ರೋಗವೊಂದಿದೆ. ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕಪ್ತಾನನ ಕಥೆ ಇದಕ್ಕೆ ಪ್ರಸಿದ್ಧ. ಎಲುಬುಗಳು ಮುರಿಮುರಿದು, ಆರಡಿಯನ್ನು ಮೀರಿದ್ದ ಆಳು ಕೆಲವೇ ವರ್ಷಗಳಲ್ಲಿ ಏಳಂಗುಲ ಕುಗ್ಗಿಹೋದನು. ಅವನ ಕೊರಳನ್ನು ಮೇಲಿಂದ ಮೇಲೆ ಕೊಯ್ದು ಹುಡುಕಿದರೂ ದೋಷಿಯಾದ ಗ್ರಂಥಿ ಸಿಗಲಿಲ್ಲ. 1932ರಲ್ಲಿ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ಎದೆಗೂಡಿನೊಳಗೆ ಅಡಗಿದ್ದುದು ಕಂಡುಬಂದಿತು. ಅಷ್ಟರಲ್ಲಿ ಮೂತ್ರಜನಕಾಂಗಗಳು ಕೆಟ್ಟಿದ್ದುದರಿಂದ ಅವನು ಉಳಿಯಲಿಲ್ಲ. ಇಂತಹ ರೋಗಿಗಳಲ್ಲಿ ರಕ್ತದ ಒತ್ತಡ ಇತರರಿಗಿಂತ ಹೆಚ್ಚಾಗಿ ಕಾಣಬರುತ್ತದೆ. ಆದರೆ ಗ್ರಂಥಿಯನ್ನು ತೆಗೆದುಹಾಕಿದ ಮಾತ್ರಕ್ಕೆ ಒತ್ತಡ ಇಳಿಯುವುದೆಂಬ ಭರವಸೆಯಿಲ್ಲ. ಕೆಲವರಲ್ಲಿ ಇಳಿಯುತ್ತದೆ, ಹಲವರಲ್ಲಿ ಇಳಿಯುವುದಿಲ್ಲ. ಆದುದರಿಂದಲೇ ಒತ್ತಡವೊಂದೇ ಕಾರಣವಾಗಿ ಶಸ್ತ್ರಚಿಕಿತ್ಸೆ ಮಾಡಬೇಕೆಂದು ವೈದ್ಯಸಂಘಗಳು ಹೇಳುವುದಿಲ್ಲ.

ನಮ್ಮ ದೇಶದಲ್ಲಿ ಈ ರೋಗವನ್ನು ಗುರುತಿಸುವುದು ತಡವಾಗಿ. ಹಾನಗಲ್ಲಿನ ಕಡೆಯ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಒತ್ತಡಕ್ಕೆ ಒಬ್ಬ ವೈದ್ಯರಲ್ಲಿ ಗುಳಿಗೆ, ಮೂತ್ರದ ಕಲ್ಲಿಗೆ ಹುಬ್ಬಳ್ಳಿಯ ಇನ್ನೊಬ್ಬರಲ್ಲಿ ಚಿಕಿತ್ಸೆ, ಸೊಂಟನೋವಿಗೆ ಮೂರನೆಯವರ ಎಣ್ಣೆ. ಮೂರು ಚೀಟಿಗಳೂ ಒಂದೇ ಚೀಲದಲ್ಲಿರುತ್ತವೆ; ಮೂರನ್ನೂ ಒಟ್ಟಿಗೆ ಓದಿದವರು ಯಾರೂ ಇಲ್ಲ. ಒತ್ತಡಕ್ಕೆ ಸಾಮಾನ್ಯವಾಗಿ ಕೊಡುವ, ಮೂತ್ರವನ್ನು ಹೆಚ್ಚಿಸುವ ಥಯಾಜೈಡ್ ವರ್ಗದ ಗುಳಿಗೆಗಳು ಕ್ಯಾಲ್ಸಿಯಮ್ಮನ್ನು ದೇಹದಲ್ಲಿ ಹಿಡಿದಿಡುವುದರಿಂದ, ಅಡಗಿದ್ದ ರೋಗ ಅವುಗಳಿಂದ ಹೊರಬೀಳುವುದೂ ಉಂಟು. ರಕ್ತದ ಕ್ಯಾಲ್ಸಿಯಮ್ಮನ್ನು ಒಮ್ಮೆ ಅಳೆಯಿಸುವುದು ದೊಡ್ಡ ವೆಚ್ಚದ ಮಾತಲ್ಲ. ಒತ್ತಡದೊಡನೆ ಕಲ್ಲೂ ಎಲುಬುನೋವೂ ಕೂಡಿಬಂದವರು ವೈದ್ಯರ ಬಳಿ ಈ ಪರೀಕ್ಷೆಯ ಮಾತನ್ನು ತಾವಾಗಿಯೇ ಎತ್ತುವುದು ಉಚಿತ. ಮೂರು ಚೀಟಿಗಳನ್ನೂ ಒಬ್ಬರ ಮುಂದೆಯೇ ಹರಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದು ಕೆಲವರ ಮಾತಾಯಿತು. ಗ್ರಂಥಿ ಕೆಡದಿದ್ದರೂ, ಊಟದಲ್ಲಿ ಕ್ಯಾಲ್ಸಿಯಂ ಸಾಲದೆ ಅದು ದಿನವೂ ದುಡಿಯುತ್ತಲೇ ಇರುವ ಸ್ಥಿತಿ ಬಹು ಜನರದು. ಈ ನಾಲ್ಕು ತಾಲ್ಲೂಕುಗಳ ಊಟವನ್ನು ನೋಡೋಣ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಇವು ಸೇರಿವೆ. ಸವಣೂರು ಶಿಗ್ಗಾಂವಿಗಳ ಬಯಲಿನಲ್ಲಿ ಜೋಳದ ರೊಟ್ಟಿ. ಮಲೆನಾಡಿನ ಅಂಚಿಗೆ ಸರಿದ ಹಾನಗಲ್ಲಿನಲ್ಲಿ ಭತ್ತದ ಗದ್ದೆ, ಅನ್ನದ ಊಟ. ಹಿರೇಕೆರೂರಿನ ಹೊಲಗಳನ್ನು ಈಗ ಬಹುಮಟ್ಟಿಗೆ ಗೋವಿನಜೋಳ ಆಕ್ರಮಿಸಿದೆ, ಆದರೆ ಅದು ಹೋಗುವುದು ಮನೆಯ ಒಲೆಗಲ್ಲ, ಮಾರುಕಟ್ಟೆಗೆ. ನೂರು ಗ್ರಾಂ ಜೋಳದಲ್ಲಿರುವ ಕ್ಯಾಲ್ಸಿಯಂ ಸುಮಾರು 28 ಮಿಲಿಗ್ರಾಂ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತಕ್ಕೂ ಕಡಿಮೆ. ಹಳೆಯ ಮೈಸೂರಿನವರು ನಂಬಿರುವ ರಾಗಿಯಲ್ಲಿ 360ರ ಸುಮಾರು. ಮೈಸೂರಿನ ಕಡೆಯವರು ಜೋಳವನ್ನು ಹೊಗಳಿ, ಧಾರವಾಡದ ಕಡೆಯವರು ಮುದ್ದೆಯನ್ನು ನಕ್ಕು ತಳ್ಳುವ ಹಳೆಯ ಹಾಸ್ಯವನ್ನು ನಾವು ಬಲ್ಲೆವು. ಈ ಒಂದು ವಿಷಯದಲ್ಲಿ ಮುದ್ದೆಯದೇ ಗೆಲುವು. ರಾಗಿಯ ಕ್ಯಾಲ್ಸಿಯಂ ಪೂರ್ತಿಯಾಗಿ ದೇಹಕ್ಕೆ ಸೇರದೆಂಬುದೂ ನಿಜವೇ. ಆದರೂ ಇಷ್ಟು ಅಂತರ ಉಳಿದೇ ಉಳಿಯುತ್ತದೆ. ದೊಡ್ಡವರಿಗೆ ದಿನಕ್ಕೆ ಒಂದು ಗ್ರಾಂ, ಎಂದರೆ ಸಾವಿರ ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದೆ. ನಾಲ್ಕು ರೊಟ್ಟಿ ಉಂಡರೆ ನೂರು ದಾಟುವುದೂ ಕಷ್ಟ.

ಬಿಸಿಲಿನ ನಾಡಿನಲ್ಲಿ ‘ಡಿ’ ಜೀವಸತ್ವಕ್ಕೆ ಕೊರತೆಯೇ ಎಂದು ಕೇಳಬಹುದು. ತಿರುಪತಿಯ ಸುತ್ತಿನ ಹಳ್ಳಿಗಳಲ್ಲಿಯೂ ಪಟ್ಟಣದಲ್ಲಿಯೂ ನಡೆಸಿ 2007ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ ಆರೋಗ್ಯವಂತರೆನಿಸಿಕೊಂಡವರಲ್ಲೇ ಊಟದ ಕ್ಯಾಲ್ಸಿಯಂ ಕಡಿಮೆಯಿದ್ದುದೂ, ‘ಡಿ’ ಜೀವಸತ್ವದ ಕೊರತೆ ಹರಡಿದ್ದುದೂ ಕಂಡಿತು. ಅಲ್ಲಿಯ ಬಿಸಿಲು ನಮ್ಮ ಬಯಲುಸೀಮೆಯ ಬಿಸಿಲಿಗೆ ಕಡಿಮೆಯದಲ್ಲ.

ಇನ್ನು ಉಪ್ಪು. ಉಪ್ಪು ಒತ್ತಡವನ್ನು ಏರಿಸುವುದು ಎಲ್ಲರಿಗೂ ತಿಳಿದುದೇ. ಮೂತ್ರದಲ್ಲಿ ಹೊರಹೋಗುವಾಗ ಅದು ಬರಿಗೈಯಲ್ಲಿ ಹೋಗುವುದಿಲ್ಲವೆಂಬುದು ಅಷ್ಟಾಗಿ ತಿಳಿದಿಲ್ಲ. ಆರು ಗ್ರಾಂ ಉಪ್ಪು ಹೋಗುವಾಗ ಹೆಚ್ಚುಕಡಿಮೆ ನಲವತ್ತು ಮಿಲಿಗ್ರಾಂ ಕ್ಯಾಲ್ಸಿಯಮ್ಮನ್ನು ಜೊತೆಗೆ ಕರೆದೊಯ್ಯಬಲ್ಲದು. ನೂರು ಗ್ರಾಂ ಜೋಳ ತಂದುದಕ್ಕಿಂತ ಇದು ಹೆಚ್ಚು. ರೊಟ್ಟಿಯ ಬದಿಗೆ ಉಪ್ಪಿನಕಾಯಿಯ ಹೋಳು, ಹಸಿಖಾರ, ಮೇಲೆ ಮತ್ತಿಷ್ಟು ಉಪ್ಪು ಎಂದರೆ ಕೊರಳಿನ ಕಾವಲುಗಾರರಿಗೆ ರಾತ್ರಿಯಲ್ಲಿಯೂ ನಿದ್ರೆಯಿಲ್ಲ.

ಹಾಗೆಂದು ಕ್ಯಾಲ್ಸಿಯಂ ತಿಂದರೆ ಎಲ್ಲರ ಒತ್ತಡವೂ ಇಳಿದೀತೆಂದು ನಾವು ಹೇಳಿದರೆ ಅದು ಸುಳ್ಳಾಗುತ್ತದೆ. ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚಿದ್ದವರಲ್ಲಿ ಮುಂದೆ ರಕ್ತದ ಒತ್ತಡ ಹೆಚ್ಚಾಗಿ ಬಂದುದನ್ನು ಅಮೆರಿಕದ ಕೆಲವು ಸಮೀಕ್ಷೆಗಳು ತೋರಿಸಿವೆ; ವಯಸ್ಸು, ಮೈತೂಕ, ಮೂತ್ರಜನಕಾಂಗದ ಸ್ಥಿತಿ ಇವನ್ನು ಲೆಕ್ಕಕ್ಕೆ ಹಿಡಿದಾಗ ಆ ನಂಟು ಕೊಂಚ ಸಡಿಲವಾಗುತ್ತದೆ. ‘ಡಿ’ ಜೀವಸತ್ವವನ್ನು ಕೊಟ್ಟು ನೋಡಿದ 46 ಪ್ರಯೋಗಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಒತ್ತಡ ಇಳಿಯಲಿಲ್ಲ. ಒತ್ತಡವಿಲ್ಲದ ಜನರಿಗೆ ಕ್ಯಾಲ್ಸಿಯಂ ಕೊಟ್ಟಾಗ ಪಾದರಸದ ಕಂಬದಲ್ಲಿ ಇಳಿದುದು ಒಂದೂವರೆ ಮಿಲಿಮೀಟರಿನಷ್ಟು ಮಾತ್ರ. ಆದುದರಿಂದ ಒತ್ತಡದ ಗುಳಿಗೆಯನ್ನು ಬಿಟ್ಟು ಹಾಲು ಕುಡಿಯುವುದಾಗಿ ನಿಶ್ಚಯಿಸಿದ ಮಹನೀಯರು ದಯವಿಟ್ಟು ಎರಡನ್ನೂ ಮುಂದುವರಿಸಬೇಕು.

ಈ ವಿಷಯದಲ್ಲಿ ಜೀವದ ಪ್ರಶ್ನೆಯೇ ಎದುರಾಗುವುದು ಗರ್ಭಿಣಿಯಲ್ಲಿ. ಐದು ತಿಂಗಳು ತುಂಬಿದ ಮೇಲೆ ಕೆಲವರಿಗೆ ಒತ್ತಡ ಏರಿ, ಮೂತ್ರದಲ್ಲಿ ಸಸಾರಜನಕ ಹೋಗತೊಡಗುತ್ತದೆ. ಮುಖ ಕೈಗಳು ಬಾತುಕೊಳ್ಳಬಹುದು. ಇದನ್ನು ಗರ್ಭನಂಜು ಎಂದು ಕರೆಯುತ್ತಾರೆ. ಅದು ಮುಂದುವರಿದು ಸೆಳವು ಬಂದರೆ ತಾಯಿಮಗು ಇಬ್ಬರಿಗೂ ಅಪಾಯ. ಹಿಂದೆ ಇದನ್ನು ಗಾಳಿಯೆಂದೋ ಸೋಂಕೆಂದೋ ತಿಳಿದು ಕಳೆದುಕೊಂಡ ಪ್ರಾಣಗಳಿಗೆ ಲೆಕ್ಕವಿಟ್ಟವರಿಲ್ಲ.

ಇಲ್ಲಿ ನಾವು ಸವಣೂರಿನಿಂದ ಬಹುದೂರ, ಮಧ್ಯ ಅಮೆರಿಕದ ಗ್ವಾಟೆಮಾಲ ದೇಶಕ್ಕೆ ಹೋಗಬೇಕಾಗಿದೆ. ಅಲ್ಲಿಯ ಮಾಯಾ ಜನರು ಬಡವರು. ಹಾಲು ಅವರಿಗೆ ಅಪರೂಪ. ಬಡತನವಿದ್ದಲ್ಲಿ ಗರ್ಭನಂಜು ಹೆಚ್ಚೆಂಬುದು ಆಗಿನ ನಂಬಿಕೆ. ಆದರೆ ಆ ಹೆಂಗಸರಲ್ಲಿ ಸೆಳವು ವಿರಳವಾಗಿತ್ತು. ಬೆಲಿಸಾನ್ ಮತ್ತು ವಿಯಾರ್ ಎಂಬ ಇಬ್ಬರು ವೈದ್ಯರು ಇದಕ್ಕೆ ಕಾರಣವನ್ನು 1980ರಲ್ಲಿ ಊಹಿಸಿದರು. ಮಾಯಾ ಜನರು ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕಿ, ಅರೆದು ರೊಟ್ಟಿ ತಟ್ಟುತ್ತಾರೆ. ಆ ರೊಟ್ಟಿಯೊಡನೆ ಸುಣ್ಣದ ಕ್ಯಾಲ್ಸಿಯಂ ಅವರ ಹೊಟ್ಟೆ ಸೇರುತ್ತದೆ. ಅಲ್ಲಿ ಗೋವಿನಜೋಳವೂ ಸುಣ್ಣವೂ ಒಂದೇ ಪಾತ್ರೆಯಲ್ಲಿ ಸೇರಿದವು. ನಮ್ಮಲ್ಲಿ ಗೋವಿನಜೋಳ ಹಿರೇಕೆರೂರಿನಿಂದ ಲಾರಿಯಲ್ಲಿ ಹೋಗುತ್ತದೆ, ಸುಣ್ಣ ಸವಣೂರಿನ ಎಲೆಯ ಮೇಲೆ ನಿಲ್ಲುತ್ತದೆ! ಕ್ಯಾಲ್ಸಿಯಂ ಸಾಲದಾದಾಗ ಪ್ಯಾರಾಥೈರಾಯ್ಡ್ ಕೆರಳಿ, ನಾಳದ ಸ್ನಾಯುಗಳೊಳಗೆ ಕ್ಯಾಲ್ಸಿಯಂ ಹೆಚ್ಚಿ, ಅವು ಬಿಗಿದು ಒತ್ತಡ ಏರುವುದೆಂದು ಆ ವೈದ್ಯರು ತಮ್ಮ ಊಹೆಯನ್ನು ಮುಂದೆ ಬೆಳೆಸಿದರು.

ಊಹೆಯನ್ನು ಒರೆಗೆ ಹಚ್ಚಿದುದು ನಂತರದ ಪ್ರಯೋಗಗಳು. 1991ರಲ್ಲಿ ಅರ್ಜೆಂಟೀನದಲ್ಲಿ ದಿನಕ್ಕೆ ಎರಡು ಗ್ರಾಂ ಕ್ಯಾಲ್ಸಿಯಂ ಪಡೆದ ಗರ್ಭಿಣಿಯರಲ್ಲಿ ಒತ್ತಡದ ತೊಂದರೆ ನೂರಕ್ಕೆ ಹತ್ತರಷ್ಟು, ಪಡೆಯದವರಲ್ಲಿ ಹದಿನೈದರಷ್ಟು. 1997ರಲ್ಲಿ ಅಮೆರಿಕದ ನಾಲ್ಕೂವರೆ ಸಾವಿರ ಗರ್ಭಿಣಿಯರಲ್ಲಿ ಮಾತ್ರ ಏನೂ ಪ್ರಯೋಜನ ಕಾಣಲಿಲ್ಲ. ಹಾಲು ಬೆಣ್ಣೆಗಳಿಗೆ ಕೊರತೆಯಿಲ್ಲದ ನಾಡಿನಲ್ಲಿ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತಾಯಿತು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ದೇಶಗಳ ಎಂಟು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗರ್ಭನಂಜು ಬರುವುದು ಗಮನಾರ್ಹವಾಗಿ ತಗ್ಗಲಿಲ್ಲ, ಆದರೆ ಸೆಳವೂ ಉಗ್ರವಾದ ಒತ್ತಡವೂ ತಗ್ಗಿದವು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಹನ್ನೊಂದು ಸಾವಿರ ಚೊಚ್ಚಲ ಬಸುರಿಯರಲ್ಲಿ ನಡೆಸಿದ ಪರೀಕ್ಷೆ 2024ರ ಜನವರಿಯಲ್ಲಿ ಹೊರಬಂದಿತು. ದಿನಕ್ಕೆ 500 ಮಿಲಿಗ್ರಾಂ ಪಡೆದವರಲ್ಲಿ ಗರ್ಭನಂಜು ನೂರಕ್ಕೆ 3.0, 1500 ಪಡೆದವರಲ್ಲಿ 3.6. ಎಂದರೆ ಚಿಕ್ಕ ಪ್ರಮಾಣವೂ ದೊಡ್ಡದಕ್ಕೆ ಕಡಿಮೆಯಾಗಲಿಲ್ಲ. ಏನನ್ನೂ ಕೊಡದೆ ಬಿಟ್ಟ ಗುಂಪು ಅದರಲ್ಲಿ ಇಲ್ಲದಿದ್ದುದರಿಂದ ಅದಕ್ಕಿಂತ ಹೆಚ್ಚಿನ ತೀರ್ಮಾನವನ್ನು ಅದರಿಂದ ತೆಗೆಯುವುದು ತರವಲ್ಲ. ಕ್ಯಾಲ್ಸಿಯಂ ಗುಳಿಗೆಯಿದೆಯೆಂದು ಒತ್ತಡವನ್ನು ಅಳೆಯಿಸುವುದನ್ನು ಬಿಡುವುದಂತೂ ಸಲ್ಲದು.

ಹಾಗಾದರೆ ಎಲೆಗೆ ಇನ್ನಷ್ಟು ಸುಣ್ಣ ಹಚ್ಚಿ ತಿನ್ನಬಹುದಲ್ಲವೇ ಎಂದು ನಮ್ಮ ತಾಂಬೂಲಪ್ರಿಯ ಮಿತ್ರರು ಕೇಳಿಯಾರು. ತೈವಾನಿನಲ್ಲಿ ಸುಣ್ಣ ಹಚ್ಚಿದ ಅಡಿಕೆಯನ್ನು ಮಿತಿಮೀರಿ ಜಗಿದು ರಕ್ತದ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರಿದ್ದಾರೆ. ಅಡಿಕೆ ಬಾಯಿಯ ಕ್ಯಾನ್ಸರನ್ನು ತರುವುದೆಂಬುದು 2004ರಿಂದೀಚೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಮಾತು. ಹೊಗೆಸೊಪ್ಪು ಸೇರಿದರೆ ಕೇಳುವುದೇ ಬೇಡ. ತಾಂಬೂಲವನ್ನು ಔಷಧವೆಂದು ತಿಳಿಯುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಅದರ ಬದಲು ಆ ಸೀಮೆಯ ಅಡಿಗೆಮನೆಯಲ್ಲಿಯೇ ಇರುವ ಎಳ್ಳನ್ನು ನೋಡಬೇಕು. ನೂರು ಗ್ರಾಂ ಎಳ್ಳಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸಂಕ್ರಾಂತಿಯಲ್ಲಿ ಎಳ್ಳು ಹಚ್ಚಿ ತಟ್ಟುವ ಸಜ್ಜೆರೊಟ್ಟಿಯನ್ನು ಹಬ್ಬಕ್ಕೆ ಮಾತ್ರ ಮೀಸಲಿಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಒಂದು ಲೋಟ ಹಾಲು, ಗಟ್ಟಿ ಮೊಸರು, ಸೊಪ್ಪಿನ ಪಲ್ಯ ಇವು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮಜ್ಜಿಗೆಗೆ ನೀರನ್ನು ಎಷ್ಟು ಬೆರೆಸುವಿರೋ ಅಷ್ಟು ಅದರ ಕ್ಯಾಲ್ಸಿಯಂ ತೆಳುವಾಗುವುದೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಗರ್ಭಿಣಿಗೆ ಇಷ್ಟೇ ಸಾಲದು. 2014ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಹದಿನಾಲ್ಕನೆಯ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ 500 ಮಿಲಿಗ್ರಾಮಿನ ಎರಡು ಕ್ಯಾಲ್ಸಿಯಂ ಗುಳಿಗೆಗಳು. ಆರೋಗ್ಯ ಕೇಂದ್ರದಲ್ಲಿ ಇವು ಬೆಲೆಯಿಲ್ಲದೆ ದೊರೆಯತಕ್ಕವು. ಆದರೆ ಮನೆಗೆ ಬಂದ ಗುಳಿಗೆ ಗೋಡೆಯ ಗೂಡಿನಲ್ಲಿ ದೇವರ ಪಟದ ಹಿಂದೆ ಉಳಿದುಹೋಗುವುದೂ ಉಂಟು. “ಭಾಳ ಗುಳಿಗಿ ನುಂಗಬ್ಯಾಡವ್ವ, ಕೂಸು ದಪ್ಪಾಗಿ ಹಡಿಯೂದು ತ್ರಾಸ ಆಗ್ತೈತಿ” ಎಂದು ಅತ್ತೆಯವರು ಅಕ್ಕರೆಯಿಂದಲೇ ಹೇಳುತ್ತಾರೆ. ಆ ಅಕ್ಕರೆಗೆ ನಮ್ಮ ಗೌರವವಿದೆ, ಭಯಕ್ಕೆ ಆಧಾರವಿಲ್ಲ. ನಗರದಲ್ಲಿದ್ದು ಆ ಸೀಮೆಯ ಹಳ್ಳಿಗಳಲ್ಲಿ ನಂಟರುಳ್ಳ ಶ್ರೋತೃಗಳು ಮುಂದಿನ ಸಲ ಊರಿಗೆ ಹೋದಾಗ ಆ ಗೂಡಿನಲ್ಲಿ ಒಮ್ಮೆ ಕೈಯಾಡಿಸಬೇಕು. ಕ್ಯಾಲ್ಸಿಯಂ ಗುಳಿಗೆಯನ್ನು ಊಟದೊಡನೆ ನುಂಗಬೇಕು, ಖಾಲಿಹೊಟ್ಟೆಯಲ್ಲಲ್ಲ. ಕಬ್ಬಿಣದ ಗುಳಿಗೆಯನ್ನು ಅದರ ಜೊತೆಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಎರಡಕ್ಕೂ ನಡುವೆ ಎರಡು ಗಂಟೆಯಾದರೂ ಬಿಡಬೇಕು. ತಿಂಗಳಿಗೊಮ್ಮೆಯಾದರೂ ಒತ್ತಡವನ್ನು ಅಳೆಯಿಸಬೇಕು. ತೀವ್ರವಾದ ತಲೆನೋವು, ಕಣ್ಣಿಗೆ ಮಂಜು, ಮುಖದ ಬಾವು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು.